ಎಂಟು ಹಾಕಿದರೇನೇ ಹಾಲು

ಕಂಪ್ಯೂಟರ್ ಕೆಲಸ ಮಾಡುವವರೆಲ್ಲ ಭಾರಿ ಬುದ್ಧಿವಂತರು ಅಂತ ಹೊರಗಿನವರು ನಂಬಿಕೊಂಡಿದ್ದಾರೆ. ನಾನೂ ಆ ನಂಬಿಕೆಯನ್ನು ಕೆಡಿಸಲು ಹೋಗಿಲ್ಲ, ಹೊಟ್ಟೆಪಾಡು ನೋಡಿ. ಆದರೆ ನಮ್ಮ ಆಫೀಸಿನಲ್ಲಿ ವಾರಕ್ಕೊಂದಾದರೂ ನಗೆಪಾಟಲು ನಡೆಯದಿದ್ದರೆ ಆ ವಾರ ಮುಗಿದ ಹಾಗೇ ಅನ್ನಿಸುವುದಿಲ್ಲ.

ಆಫೀಸು ಅಂದರೆ ದೊಡ್ಡಬಳ್ಳಾಪುರದ ಒಂದು ಪವರ್‌ಲೂಮ್ ಶೆಡ್ಡಿನ ಮಹಡಿ. ಕೆಳಗೆ ಮಗ್ಗ ಬಡಿಯುತ್ತಿರುತ್ತದೆ, ಮೇಲೆ ನಾವು ಐದು ಜನ ಕೀಬೋರ್ಡ್ ಬಡಿಯುತ್ತಿರುತ್ತೇವೆ. ಕೆಳಗಿನವರ ಬಡಿತಕ್ಕೆ ಸಂಜೆ ಹೊತ್ತಿಗೆ ಒಂದು ಸೀರೆಯಾದರೂ ಆಗಿರುತ್ತದೆ. ನಮ್ಮ ಯಜಮಾನರೂ ಮೊದಲು ಮಗ್ಗ ನಡೆಸಿದವರೇ. ಮಗ್ಗದ ಸದ್ದಿಗಿಂತ ಕಂಪ್ಯೂಟರ್ ಸದ್ದು ಕಮ್ಮಿ ಅನ್ನುವ ಒಂದೇ ಕಾರಣಕ್ಕೆ ಮಹಡಿ ಹತ್ತಿದವರು.

ಇಲ್ಲಿ ಸ್ವಲ್ಪ ಪಾಠ ಹೇಳಬೇಕು, ಬೇಗ ಮುಗಿಸುತ್ತೇನೆ. ನಾವು ಜಾವಾಸ್ಕ್ರಿಪ್ಟ್ ಅನ್ನುವ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತೇವೆ. ಅದು ಓಡಬೇಕಾದರೆ ಕಂಪ್ಯೂಟರಿನಲ್ಲಿ ನೋಡ್ ಅನ್ನುವ ಇನ್ನೊಂದು ಸಾಮಾನು ಇರಬೇಕು. ಆ ಸಾಮಾನಿನ ಹೊಸ ಹೊಸ ಆವೃತ್ತಿಗಳು ಬರುತ್ತಲೇ ಇರುತ್ತವೆ. ಎಂಟು, ಹತ್ತು, ಹನ್ನೆರಡು ಅಂತ ಶುರುವಾಗಿ ಈಗ ಇಪ್ಪತ್ತನ್ನೂ ದಾಟಿದೆ. ಎಂಟರ ಕಾಲದಲ್ಲಿ ಬರೆದದ್ದು ಇಪ್ಪತ್ತರಲ್ಲಿ ಓಡುತ್ತದೆ ಅನ್ನುವ ಖಾತರಿ ಇಲ್ಲ. ಅದಕ್ಕೇ ಎಲ್ಲವನ್ನೂ ಒಂದೇ ಯಂತ್ರದಲ್ಲಿ ಇಟ್ಟುಕೊಂಡು, ಬೇಕಾದಾಗ ಬೇಕಾದ್ದನ್ನು ಕರೆಯುವುದಕ್ಕೆ ಎನ್‌ವಿಎಂ ಅನ್ನುವ ಮೇಸ್ತ್ರಿ ಇದ್ದಾನೆ. ಕಪ್ಪು ಪರದೆಯೊಂದನ್ನು ತೆರೆದು ‘ಎನ್‌ವಿಎಂ ಯೂಸ್ ಎಂಟು’ ಅಂತ ಇಂಗ್ಲಿಷಿನಲ್ಲಿ ಹೊಡೆದರೆ ಎಂಟು ಕೆಲಸಕ್ಕೆ ಬಂದು ನಿಲ್ಲುತ್ತದೆ. ಮನೆಗೆ ಗ್ಯಾಸ್ ಬಂದ ಮೇಲೂ ಹಿತ್ತಲಲ್ಲಿ ಸೌದೆ ಒಲೆ ಉಳಿಸಿಕೊಳ್ಳುವುದಿಲ್ಲವೇ, ಹಾಗೆ.

ನಮ್ಮ ಗಿರಾಕಿಗಳಲ್ಲಿ ಎಂಟರ ಮೇಲೆ ಉಳಿದಿದ್ದು ಒಂದೇ ಒಂದು, ಸೂಲಿಬೆಲೆ ಕಡೆಯ ಒಂದು ಹಳ್ಳಿಯ ಹಾಲಿನ ಡೈರಿ. ಊರಿನವರು ಬೆಳಿಗ್ಗೆ ಸಂಜೆ ಹಾಲು ಹಾಕಿದಾಗ ಎಷ್ಟು ಲೀಟರ್, ಹಾಲಲ್ಲಿ ಕೊಬ್ಬಿನ ಅಂಶ ಅಂದರೆ ಫ್ಯಾಟು ಎಷ್ಟು ಅಂತ ಚೀಟಿ ಕೊಡುವ ಪ್ರೋಗ್ರಾಂ ಅದು. ಫ್ಯಾಟು ಹೆಚ್ಚಿದ್ದಷ್ಟೂ ದುಡ್ಡು ಹೆಚ್ಚು. ಬರೆದವಳು ನಾನು. ಎಂಟರ ಸಂಗತಿ ಗೊತ್ತಿರುವವಳೂ ಈಗ ನಾನೊಬ್ಬಳೇ. ಆಫೀಸಿನ ಮಿಕ್ಕ ಕೆಲಸಗಳನ್ನೆಲ್ಲ ಚಿಕ್ಕ ವಯಸ್ಸಿನವರು ನನಗಿಂತ ಬೇಗ ಮಾಡಿ ಮುಗಿಸುತ್ತಾರೆ. ಆ ಡೈರಿ ಕೈಬಿಟ್ಟರೆ ನನ್ನ ಕುರ್ಚಿಯೂ ಹೋಗುತ್ತದೆ ಅನ್ನುವುದು ಯಜಮಾನರಿಗೂ ಗೊತ್ತು, ನನಗೂ ಗೊತ್ತು. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿದರೆ ನನ್ನ ಮೇಲೆ ಸ್ವಲ್ಪ ಕರುಣೆಯಾದರೂ ಬರಬಹುದು.

೧. ಅಡುಗೆಮನೆಯ ಮಾತು

ತ್ಯಾಮಗೊಂಡ್ಲು ಕಡೆಯ ಹುಡುಗಿಯೊಬ್ಬಳು ಹೊಸದಾಗಿ ಕೆಲಸಕ್ಕೆ ಸೇರಿದಳು. ಮದುವೆಯಾಗಿ ಮೂರು ತಿಂಗಳಾಗಿತ್ತು. ಮೊದಲ ದಿನವೇ ಡೈರಿ ಪ್ರೋಗ್ರಾಂ ತೋರಿಸಿ, “ಎಂಟು ಹಾಕ್ಕೊಂಡು ಶುರು ಮಾಡಮ್ಮ” ಅಂದೆ. ಹಾಕಿದಳು, ಓಡಿತು. ಆಮೇಲೆ ಇನ್ನೊಂದು ಕಪ್ಪು ಪರದೆ ತೆರೆದು ಅಲ್ಲೂ ಓಡಿಸಿದಳು. ಪರದೆ ತುಂಬ ಕೆಂಪು ಅಕ್ಷರ.

“ಮೇಡಂ, ಈಗ ತಾನೇ ಇದಕ್ಕೆ ಎಂಟು ಅಂತ ಹೇಳಿದ್ದೆ.”

“ನೀನು ಹೇಳಿದ್ದು ಆ ಪರದೆಗೆ. ಈ ಪರದೆಗೆ ಅದು ಗೊತ್ತಿಲ್ಲ. ಪ್ರತಿ ಪರದೆಗೂ ಹೊಸದಾಗಿ ಹೇಳ್ಬೇಕು.”

“ಒಂದೇ ಕಂಪ್ಯೂಟರ್ ಅಲ್ವಾ ಮೇಡಂ?”

“ಒಂದೇ.”

ಇದನ್ನು ನನಗೆ ಅರ್ಥ ಮಾಡಿಸಲು ನನ್ನ ಗುರುಗಳು ಎರಡು ದಿನ ತೆಗೆದುಕೊಂಡಿದ್ದರು. ನಾನು ಬಿಳಿ ಹಲಗೆ ಒರೆಸಿ, ಪೆನ್ನು ಹುಡುಕಿ, ಚಿತ್ರ ಬರೆಯಲು ಸಿದ್ಧಳಾದೆ. ಆ ಹುಡುಗಿ ಒಂದು ಕ್ಷಣ ಯೋಚಿಸಿದಳು.

“ಬಿಡಿ ಮೇಡಂ, ಗೊತ್ತಾಯ್ತು. ನಮ್ಮನೆಯವ್ರೂ ಹೀಗೇನೇ. ಅಡುಗೆಮನೇಲಿ ಒಪ್ಕೊಂಡಿದ್ದು, ಹಜಾರದಲ್ಲಿ ಅವರಮ್ಮನ ಮುಂದೆ ನಿಂತ್ರೆ ನೆನಪಿರಲ್ಲ. ಅಲ್ಲೂ ಇನ್ನೊಂದ್ಸಲ ಹೇಳ್ಬೇಕು.”

೨. ಎಡಗೈ

ನಮ್ಮ ಯಜಮಾನರಿಗೆ ಕಂಪ್ಯೂಟರ್ ಬರುವುದಿಲ್ಲ ಅಂತ ಹೇಳಲಾರೆ. ಸ್ವಲ್ಪ ಬರುತ್ತದೆ. ಅಪಾಯ ಇರುವುದೇ ಆ ಸ್ವಲ್ಪದಲ್ಲಿ.

ಆಯುಧ ಪೂಜೆಯ ದಿನ ಡೈರಿಯ ಸೆಕ್ರೆಟ್ರಿ ತಮ್ಮ ಕಂಪ್ಯೂಟರನ್ನೇ ಹೊತ್ತು ತಂದಿದ್ದರು. ಫ್ಯಾನು ಗೊರಗೊರ ಅನ್ನುತ್ತಿತ್ತು. ಬೆಳಿಗ್ಗೆ ಹಾಲು ಮುಗಿಸಿ ತಂದವರು ಸಂಜೆ ಹಾಲಿಗೆ ಮುಂಚೆ ವಾಪಸ್ ಒಯ್ಯಬೇಕು. ನಾನು ಧೂಳು ಒರೆಸಿ, ಫ್ಯಾನು ಸರಿಮಾಡಿ, ಊಟಕ್ಕೆ ಹೋದೆ. ಅದಿನ್ನೂ ಚಾಲೂ ಇತ್ತು.

ಯಜಮಾನರು ಬಂದು ಅದರ ಮುಂದೆ ಕೂತರು. ಮಗ್ಗದ ಕಾಲದಿಂದಲೂ ಅವರದ್ದೊಂದು ಪದ್ಧತಿ. ಪೂಜೆಗೆ ಮುಂಚೆ ಹಳೇದು, ಮುರಿದದ್ದು, ತುಕ್ಕು ಹಿಡಿದದ್ದನ್ನೆಲ್ಲ ಆಚೆ ಹಾಕಬೇಕು. ಯಾವ ಯಾವ ಆವೃತ್ತಿ ಇವೆ ಅಂತ ಪಟ್ಟಿ ತೋರಿಸುವ ಆಜ್ಞೆಯನ್ನು ನಾನೇ ಎಂದೋ ಅವರಿಗೆ ಕಲಿಸಿದ್ದೆ. ನನ್ನ ಕರ್ಮ. ಪಟ್ಟಿಯಲ್ಲಿ ಎಂಟು ಕಂಡಿತು, ಇಪ್ಪತ್ತು ಕಂಡಿತು. ಹೊಸದಿರುವಾಗ ಹಳೇದು ಯಾಕೆ ಅಂತ ಎಂಟನ್ನು ಅಳಿಸಿ ಹಾಕಿದರು. ಆಮೇಲೆ ವಿಭೂತಿ ಬಳಿದು, ಕುಂಕುಮ ಇಟ್ಟು, ಮೇಲೊಂದು ಸೇವಂತಿಗೆ ಹೂವಿಟ್ಟು, ಸೆಕ್ರೆಟ್ರಿ ಕೈಗೆ ಪುರಿ ಕಡಲೆಯ ಸಮೇತ ಒಪ್ಪಿಸಿದರು.

ಸಂಜೆ ಐದೂವರೆಗೆ ಫೋನು. “ಮೇಡಂ, ಎಂಟು ಇಲ್ಲ ಅಂತೈತೆ. ಕ್ಯೂ ರೋಡಿನವರ್ಗೂ ಹೋಗೈತೆ. ಈಗ ಕೈಯಲ್ಲಿ ಚೀಟಿ ಬರೀತಾ ಇದ್ದೀನಿ. ಇನ್ನೊಂದ್ಸಲ ಹಿಂಗಾದ್ರೆ ನಮ್ ಕಮಿಟಿಯೋರು ಬೆಂಗಳೂರಿನ ಕಂಪ್ನಿಗೆ ಕೊಟ್ಬಿಡ್ತಾರೆ. ನನ್ನ ಮಾತು ನಡಿಯಲ್ಲ.”

ಫೋನ್ ಹಿಡಿದುಕೊಂಡೇ ಓಡಿಹೋಗಿ ಯಜಮಾನರನ್ನು ಕೇಳಿದೆ.

“ಎಂಟು ಯಾಕ್ ಸಾರ್ ತೆಗೆದ್ರಿ?”

“ತುಕ್ಕು ಹಿಡಿದಿದ್ದು ಪೂಜೇಲಿ ಇರ್ಬಾರ್ದು ಮೇಡಂ.”

“ಡೈರಿ ನಡೀತಿದ್ದಿದ್ದೇ ಆ ತುಕ್ಕಲ್ಲಿ.”

“ಹಂಗಾದ್ರೆ ತಿರ್ಗಾ ಹಾಕ್ಬಿಡಿ.”

“ಅಲ್ಲಿ ನೆಟ್ ಸಿಗಲ್ಲ. ನಮ್ಮ ಲ್ಯಾಪ್‌ಟಾಪಲ್ಲಿರೋ ಎಂಟನ್ನ ಪೆನ್‌ಡ್ರೈವಿಗೆ ಹಾಕಿ ತಗೊಂಡ್ಹೋಗ್ಬೇಕು. ಆದ್ರೆ ಪೂಜೆಗಿಟ್ಟಿದ್ದನ್ನ ನಾಳೆವರೆಗೂ ಮುಟ್ಟಬಾರ್ದು ಅಂತ ನೀವೇ ಬೆಳಿಗ್ಗೆ ಎಲ್ರಿಗೂ ಹೇಳಿದ್ದೀರಿ.”

ಯಜಮಾನರು ದೇವರ ಪಟದ ಕಡೆ ನೋಡಿದರು. ನನ್ನ ಕಡೆ ನೋಡಿದರು. ಫೋನಿನಲ್ಲಿ ಸೆಕ್ರೆಟ್ರಿ ಇನ್ನೂ ಕೂಗುತ್ತಿದ್ದರು.

“ಎಡಗೈಯಲ್ಲಿ ಮುಟ್ಟಿ ಮೇಡಂ. ಎಡಗೈ ದೇವ್ರು ಲೆಕ್ಕಕ್ಕೆ ತಗೊಳ್ಳಲ್ಲ.”

ಹಾಗೆ ನಾನು ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಎಡಗೈಯಲ್ಲಿ ಎಂಟನ್ನು ನಕಲು ಮಾಡಿದೆ. ಯಜಮಾನರು ಪಕ್ಕದಲ್ಲೇ ನಿಂತು ನನ್ನ ಬಲಗೈ ಕಾಯುತ್ತಿದ್ದರು.

೩. ದೇವರ ಪಕ್ಕದ ಹಾಳೆ

ಆ ಡೈರಿಯಲ್ಲಿ ಎಂಟನ್ನು ದಿನಾ ಕೈಯಾರೆ ಹಾಕಬೇಕಿತ್ತು. ಹಾಲು ಪರೀಕ್ಷೆ ಮಾಡುವ ಹೊಸ ಯಂತ್ರದವರು ತಮ್ಮ ಕೆಲಸಕ್ಕೆ ಇಪ್ಪತ್ತನ್ನು ಕಾಯಂ ಮಾಡಿ ಹೋಗಿದ್ದರು. ನಾನು ನಾಲ್ಕು ಸಾಲಿನ ಸಣ್ಣ ಫೈಲೊಂದನ್ನು ಬರೆದಿದ್ದರೆ ಎಂಟು ತಾನಾಗೇ ಬರುತ್ತಿತ್ತು. ಬರೆಯಲಿಲ್ಲ. ಎಲ್ಲ ತಾನಾಗೇ ಆದರೆ ಮೇಡಂ ಯಾಕೆ ಬೇಕು? ಇದನ್ನು ಯಜಮಾನರಿಗೆ ಹೇಳಿಲ್ಲ, ನೀವೂ ಹೇಳಬೇಡಿ.

ಅದರ ಬದಲು ಒಂದು ಹಾಳೆಯಲ್ಲಿ ಮೂರು ಸಾಲು ಬರೆದುಕೊಟ್ಟೆ. ಮೊದಲನೆಯದು, ಕಪ್ಪು ಪರದೆ ತೆಗೆಯಿರಿ. ಎರಡನೆಯದು, ಎನ್‌ವಿಎಂ ಯೂಸ್ ಎಂಟು. ಮೂರನೆಯದು, ಎಂಟು ಬಂತು ಅಂತ ಉತ್ತರ ಬಂದ ಮೇಲೆ ಮಾತ್ರ ಪ್ರೋಗ್ರಾಂ ಶುರು ಮಾಡಿ. ‘ಮಾತ್ರ’ ಅನ್ನುವುದರ ಕೆಳಗೆ ಎರಡು ಗೆರೆ ಎಳೆದಿದ್ದೆ.

ಮುಂದಿನ ತಿಂಗಳು ಹೋದಾಗ ನೋಡುತ್ತೇನೆ, ಹಾಳೆಗೆ ಗಾಜು ಕಟ್ಟು ಹಾಕಿಸಿ ದೇವರ ಪಟದ ಪಕ್ಕ ನೇತು ಹಾಕಿದ್ದಾರೆ. ಸೆಕ್ರೆಟ್ರಿ ಬೆಳಿಗ್ಗೆ ಬಂದು ಪಟಕ್ಕೆ ಊದುಬತ್ತಿ ಬೆಳಗುತ್ತಾರೆ, ಕೈ ಹಾಗೇ ಮುಂದೆ ಹೋಗಿ ನನ್ನ ಹಾಳೆಗೂ ಒಂದು ಸುತ್ತು. ಆಮೇಲೆ ಕೂತು ಒಂದೊಂದೇ ಅಕ್ಷರ ಬಾಯಲ್ಲಿ ಹೇಳುತ್ತಾ ಹೊಡೆಯುತ್ತಾರೆ. ಎದುರಿಗೆ ಇಡೀ ಕ್ಯೂ ಉಸಿರು ಬಿಗಿಹಿಡಿದು ಪರದೆ ನೋಡುತ್ತದೆ. ಉತ್ತರ ಬಂದ ಕೂಡಲೇ ಎಲ್ಲರೂ ಕ್ಯಾನಿನ ಮುಚ್ಚಳ ತೆಗೆಯುತ್ತಾರೆ.

ಎಲ್ಲರಿಗಿಂತ ಮುಂದೆ ನಿಲ್ಲುವವಳು ಒಬ್ಬ ಅಕ್ಕ. ಎರಡು ಹಸು ಸಾಕಿದ್ದಾಳೆ, ಐವತ್ತರ ಮೇಲಿನ ವಯಸ್ಸು, ಇಂಗ್ಲಿಷ್ ಓದಲು ಬಾರದು. “ನಿಂಗೆ ಹೆಂಗಕ್ಕಾ ಗೊತ್ತಾಗುತ್ತೆ ಬಂದಿದ್ದು ಎಂಟು ಅಂತ?” ಅಂದೆ.

“ಮೇಲೊಂದು ಸೊನ್ನೆ, ಕೆಳಗೊಂದು ಸೊನ್ನೆ. ಬರ್ದೇ ಇದ್ರೆ ನಾನು ಹಾಲು ಸುರಿಯಲ್ಲ” ಅಂದಳು. ಆಮೇಲೆ ಹಾಳೆಯ ಕಡೆ ಕೈತೋರಿಸಿ ದನಿ ತಗ್ಗಿಸಿದಳು. “ಇದು ಯಾವ ದೇವ್ರ ಮಂತ್ರ ಕಣವ್ವ?”

೪. ಫೋನ್ ಇಡು

ಒಂದು ಬೆಳಿಗ್ಗೆ ಆರೂವರೆಗೆ ಸೆಕ್ರೆಟ್ರಿ ಫೋನ್ ಮಾಡಿದರು. ಹಿಂದೆ ವಾಲಗದ ಸದ್ದು.

“ಮೇಡಂ, ನೆಲಮಂಗಲದಲ್ಲಿ ಮದ್ವೇಲಿ ಇದ್ದೀನಿ. ನನ್ನ ಜಾಗಕ್ಕೆ ಬರ್ಬೇಕಾದವನು ಬಂದಿಲ್ವಂತೆ. ಎಂಟು ಹಾಕೋರು ಯಾರೂ ಇಲ್ಲ. ಕಮಿಟಿಯೋರ್ಗೆ ಗೊತ್ತಾದ್ರೆ ಮುಗೀತು.”

ಮುಗಿಯುವುದು ನನ್ನದು ಅಂತ ನನಗೆ ಗೊತ್ತಿತ್ತು. ಡೈರಿಯ ಫೋನಿಗೆ ಮಾಡಿದೆ. ಎಷ್ಟೋ ಹೊತ್ತು ಹೊಡೆದುಕೊಂಡ ಮೇಲೆ ಯಾರೋ ಎತ್ತಿದರು.

“ಹಲೋ, ಯಾರು ಮಾತಾಡೋದು? ಗಾಬರಿಯಾಗ್ಬೇಡಿ, ನಾನು ಒಂದೊಂದೇ ಅಕ್ಷರ ಹೇಳ್ತೀನಿ. ಮೊದ್ಲು ಕಪ್ಪು ಪರದೆ...”

“ಎಲ್ಲ ಆಯ್ತು ಕಣವ್ವ” ಅಂದಿತು ಆ ಅಕ್ಕನ ದನಿ. “ದಿನಾ ನೋಡ್ತೀನಲ್ಲ, ಯಾವ್ ಗುಂಡಿ ಒತ್ಬೇಕು ಅಂತ ಗೊತ್ತು. ಎಂಟು ಹಾಕಿ ಹನ್ನೊಂದು ಚೀಟಿ ಕೊಟ್ಟಿದ್ದೀನಿ. ಫೋನ್ ಇಡು, ಕೆಲ್ಸದ ಹೊತ್ತಲ್ಲಿ ಮಾತಾಡ್ಸಬೇಡ.”

೫. ಬೆಂಗಳೂರಿನವರು

ಆದರೂ ಕಮಿಟಿಯವರು ಬೆಂಗಳೂರಿನ ಕಂಪನಿಯವರನ್ನು ಕರೆಸಿಯೇ ಬಿಟ್ಟರು. ಒಂದು ಸಂಜೆ ಹಾಲಿನ ಹೊತ್ತಿಗೆ ಇಬ್ಬರು ಬಂದು ತೋರಿಸಬೇಕು, ಚೆನ್ನಾಗಿದ್ದರೆ ನಮ್ಮನ್ನು ಬಿಡುವುದು ಅಂತ ತೀರ್ಮಾನ. “ನೀವೂ ಬನ್ನಿ ಮೇಡಂ, ಆದ್ರೆ ಬಾಯಿ ಬಿಡ್ಬಾರ್ದು” ಅಂದರು ಸೆಕ್ರೆಟ್ರಿ. ನಾನು ಕ್ಯೂನ ಕೊನೆಯಲ್ಲಿ, ಕ್ಯಾನುಗಳ ಹಿಂದೆ ಹೋಗಿ ನಿಂತೆ. ಈ ವಯಸ್ಸಿನಲ್ಲಿ ಬೇರೆ ಕಡೆ ಕೆಲಸ ಹುಡುಕುವುದು ಅಂದರೆ ಸುಮ್ಮನೆ ಅಲ್ಲ.

ಇಬ್ಬರು ಹುಡುಗರು, ಒಳ್ಳೆಯ ಹುಡುಗರೇ. ಫಳಫಳ ಲ್ಯಾಪ್‌ಟಾಪು. ಹಾಲು ಪರೀಕ್ಷೆಯ ಯಂತ್ರದಿಂದ ಡೈರಿ ಕಂಪ್ಯೂಟರಿಗೆ ಬರುವ ವೈರನ್ನು ಕಿತ್ತು ತಮ್ಮ ಲ್ಯಾಪ್‌ಟಾಪಿಗೆ ಸಿಕ್ಕಿಸಿದರು. ಪರದೆಯಲ್ಲಿ ಹಸುವಿನ ಚಿತ್ರ ಬಂತು, ಬಾಲ ಬೇರೆ ಅಲ್ಲಾಡಿಸಿತು. ಎಲ್ಲರೂ ಆಹಾ ಅಂದರು.

ಆದರೆ ಫ್ಯಾಟು ಬರಲಿಲ್ಲ. “ಟೂ ಮಿನಿಟ್ಸ್” ಅಂದರು. ಹಸು ಬಾಲ ಅಲ್ಲಾಡಿಸುತ್ತಲೇ ಇತ್ತು. ಅರ್ಧ ಗಂಟೆಯಾಯಿತು. ಹಾಲಿನ ಗಾಡಿ ಬಂದು ಹಾರ್ನ್ ಹೊಡೆಯತೊಡಗಿತು.

ಮುಂದೆ ನಿಂತಿದ್ದ ಅಕ್ಕ ಕ್ಯಾನು ಕೆಳಗಿಟ್ಟಳು. “ಏನಪ್ಪಾ, ಆ ವೈರು ಕಿತ್ತು ನಮ್ ಕಂಪ್ಯೂಟ್ರಿಗೇ ಹಾಕು. ಹಾಕ್ಬಿಟ್ಟು ಎಂಟು ಹೊಡಿ.”

ಅವರಲ್ಲಿ ಒಬ್ಬ ಡೈರಿ ಕಂಪ್ಯೂಟರಿನ ಮುಂದೆ ಕೂತ. ಕೈ ಅಭ್ಯಾಸಕ್ಕೆ ಎನ್‌ವಿಎಂ ಯೂಸ್ ಇಪ್ಪತ್ತು ಹೊಡೆದು ನಮ್ಮ ಪ್ರೋಗ್ರಾಂ ಓಡಿಸಿದ. ಕೆಂಪು ಅಕ್ಷರ ಸುರಿಯಿತು.

“ಇಪ್ಪತ್ತಲ್ಲಪ್ಪೋ, ಎಂಟು!” ಇಡೀ ಕ್ಯೂ ಕೂಗಿತು. “ಎನ್ನು, ವಿ, ಎಮ್ಮು! ಜಾಗ ಬಿಡು! ಯೂಸು! ಇನ್ನೊಂದು ಜಾಗ ಬಿಡು! ಎಂಟು!”

ಹಿಂದೆ ಟೋಪಿ ಹಾಕಿಕೊಂಡ ತಾತನೊಬ್ಬ, “ಉತ್ರ ಬರೋಗಂಟ ಮುಂದಕ್ಕೆ ಹೋಗ್ಬೇಡ ಮಗ” ಅಂತ ಎಚ್ಚರಿಸಿದ.

ಹುಡುಗ ಸುಸ್ತಾಗಿ ಹಿಂದೆ ತಿರುಗಿದ. “ಅಮ್ಮಾ, ಎಂಟು ಸತ್ತು ಎಷ್ಟೋ ವರ್ಷ ಆಯ್ತು. ಅದನ್ನ ಮಾಡಿದವ್ರೇ ಅದನ್ನ ಕೈಬಿಟ್ಟಿದ್ದಾರೆ.”

“ಸತ್ರೆ ಏನಂತೆ, ಚೀಟಿ ಕೊಡುತ್ತಲ್ಲ” ಅಂದಳು ಅಕ್ಕ. “ನೀನು ಬದುಕಿದ್ದೀಯ, ಏನ್ ಕೊಟ್ಟೆ?”

೬. ಫ್ಯಾಟು

ನಮ್ಮನ್ನೇ ಉಳಿಸಿಕೊಂಡರು. ಆದರೆ ಹೊರಡುವ ಮುಂಚೆ ಆ ಹುಡುಗ ನನ್ನ ಹತ್ತಿರ ಬಂದು, “ಮೇಡಂ, ಬೇಜಾರ್ ಮಾಡ್ಕೋಬೇಡಿ. ಎಂಟಕ್ಕೆ ಈಗ ರಿಪೇರಿ ಮಾಡೋರೇ ಇಲ್ಲ. ಒಂದಿನ ಕೈ ಕೊಡುತ್ತೆ” ಅಂದ. ನಿಜ ಹೇಳಿದ್ದ. ಜನ ನನ್ನನ್ನು ಅಷ್ಟು ನಂಬಿರುವಾಗ ನಾನು ಕುರ್ಚಿ ಆಸೆಗೆ ಹಳೇದನ್ನೇ ಎಳೆಯುತ್ತಿದ್ದೇನಲ್ಲ ಅಂತ ನಾಚಿಕೆಯಾಯಿತು. ಆರು ವಾರ ಕೂತು ಇಡೀ ಪ್ರೋಗ್ರಾಂ ಹೊಸದಾಗಿ ಬರೆದೆ. ಇಪ್ಪತ್ತರಲ್ಲೇ ಓಡುತ್ತದೆ, ಏನೂ ಹೊಡೆಯಬೇಕಿಲ್ಲ, ಕಂಪ್ಯೂಟರ್ ಹಾಕಿದರೆ ಸಾಕು. ನಾನೇ ಹೋಗಿ ಎಂಟನ್ನು ತೆಗೆದು, ಗೋಡೆಯ ಹಾಳೆಯನ್ನೂ ಇಳಿಸಿ ಬಂದೆ.

ಮಾರನೇ ಬೆಳಿಗ್ಗೆ ಫೋನು.

“ಮೇಡಂ, ಫ್ಯಾಟು ಹೋಯ್ತು.”

“ಚೀಟಿ ಬರ್ತಿಲ್ವಾ?”

“ಚೀಟಿ ಬರ್ತಾ ಐತೆ. ಫ್ಯಾಟು ಬರ್ತಾ ಇಲ್ಲ. ಅಕ್ಕಂದು ದಿನಾ ನಾಲ್ಕು ಬರೋದು, ಇವತ್ತು ಮೂರೂಕಾಲು. ಎಲ್ರದ್ದೂ ಹಂಗೇ. ಎಂಟು ತೆಗೆದಿದ್ದಕ್ಕೇ ಅಂತ ಊರೆಲ್ಲ ಮಾತು. ಸಂಜೆಗೆ ಯಾರೂ ಹಾಲು ಹಾಕಲ್ವಂತೆ.”

ಸ್ಕೂಟರ್ ಹತ್ತಿ ದೇವನಹಳ್ಳಿ ಮೇಲೆ ಹಾರಿಕೊಂಡು ಹೋದೆ. ದಾರಿಯಲ್ಲೇ ಕಾರಣ ಕಂಡಿತು. ಹಿಂದಿನ ವಾರ ಮಳೆ ಬಿದ್ದು ಎಲ್ಲ ಕಡೆ ಎಳೆ ಹುಲ್ಲು ಎದ್ದಿತ್ತು. ಹಸುಗಳು ಅದನ್ನೇ ಮೇಯ್ದರೆ ಹಾಲು ನೀರಾಗುತ್ತದೆ, ಫ್ಯಾಟು ಇಳಿಯುತ್ತದೆ. ಇದು ಆ ಊರಿನವರಿಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕಾದ್ದು. ಹೇಳಿ ನೋಡಿದೆ.

“ಹಸು ಸಾಕಿರೋಳು ನಾನಾ, ನೀನಾ?” ಅಂದಳು ಅಕ್ಕ. “ಹುಲ್ಲು ಇವತ್ತು ಹುಟ್ಟಿದ್ದಲ್ಲ. ಎಂಟು ಹೋಗಿದ್ದು ನೆನ್ನೆ.”

ಊರಿನವರ ಜೊತೆ ವಾದ ಮಾಡುತ್ತಲೇ ಮಧ್ಯಾಹ್ನವೂ ಕಳೆಯಿತು. ಸಂಜೆ ಹಾಲಿಗೆ ಇನ್ನು ಒಂದು ಗಂಟೆ. ಅಲ್ಲೇ ಹಿಂಡಿ ಮೂಟೆಯ ಮೇಲೆ ಕೂತು, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಒಂದು ಸಣ್ಣ ಪ್ರೋಗ್ರಾಂ ಬರೆದೆ. ಎನ್‌ವಿಎಂ ಯೂಸ್ ಎಂಟು ಅಂತ ಹೊಡೆದರೆ, ಎಂಟು ಬಂತು ಅಂತ ಪರದೆಯ ಮೇಲೆ ತೋರಿಸುತ್ತದೆ. ಅಷ್ಟೇ. ಬೇರೇನೂ ಮಾಡುವುದಿಲ್ಲ. ಚೀಟಿ ಕೊಡುವುದೆಲ್ಲ ಒಳಗೆ ಕೂತ ಇಪ್ಪತ್ತೇ.

ಸೆಕ್ರೆಟ್ರಿ ಹೊಡೆದರು. ತಕ್ಷಣ ಉತ್ತರ ಬಂತು. ಅಕ್ಕ ಪರದೆಯನ್ನೇ ನೋಡಿದಳು, ಮುಚ್ಚಳ ತೆಗೆಯಲಿಲ್ಲ.

“ಇದು ಎಂಟಲ್ಲ. ಎಂಟು ಇಷ್ಟು ಬೇಗ ಬರಲ್ಲ. ಸ್ವಲ್ಪ ಯೋಚ್ನೆ ಮಾಡಿ ಬರೋದು.”

“ಪಾಪ, ನೆನ್ನೆ ಹೋಗಿದ್ದು ಈಗ ತಾನೇ ವಾಪಸ್ ಬಂದೈತೆ, ಸುಧಾರಿಸ್ಕೊಳ್ಳಲಿ ಅಕ್ಕ” ಅಂದು ಮತ್ತೆ ಕೂತೆ. ಸುಮ್ಮನೆ ಎರಡು ಸೆಕೆಂಡ್ ಕಾದು ಆಮೇಲೆ ಉತ್ತರ ಕೊಡುವಂತೆ ತಿದ್ದಿದೆ. ಈಗ ಅಕ್ಕ ತಲೆಯಾಡಿಸಿದಳು. ಮುಚ್ಚಳಗಳು ತೆರೆದುಕೊಂಡವು. ಹಾಳೆ ಮತ್ತೆ ದೇವರ ಪಕ್ಕ ಹೋಯಿತು.

ಒಂದೆರಡು ವಾರದಲ್ಲಿ ಬಿಸಿಲು ಬಿತ್ತು, ಹುಲ್ಲು ಬಲಿಯಿತು, ಹಸುಗಳು ಹಿಂಡಿ ತಿಂದವು, ಫ್ಯಾಟು ನಾಲ್ಕಕ್ಕೆ ಏರಿತು. ಎಲ್ಲ ಎಂಟರ ಮಹಿಮೆ ಅಂತ ಊರಿಗೂರೇ ಒಪ್ಪಿತು. ಇಷ್ಟು ವರ್ಷದಲ್ಲಿ ನಾನು ಬರೆದ ಪ್ರೋಗ್ರಾಂಗಳಲ್ಲಿ ಇವತ್ತಿನವರೆಗೂ ಒಂದೂ ದೂರು ಬರದೇ ಇರುವುದು ಅದೊಂದಕ್ಕೇ.

ಕಳೆದ ತಿಂಗಳು ಆ ಹಳ್ಳಿಯ ಪಕ್ಕದೂರಿನ ಡೈರಿಯ ಸೆಕ್ರೆಟ್ರಿ ನಮ್ಮ ಮಹಡಿ ಹತ್ತಿ ಬಂದರು. ಯಜಮಾನರು ಎದ್ದು ನಿಂತು ಕೂರಿಸಿದರು, ಕಾಫಿ ತರಿಸಿದರು. ಹೊಸ ಗಿರಾಕಿ ಬಂದು ಎಷ್ಟೋ ದಿನವಾಗಿತ್ತು. ಬಂದವರು ಕಾಫಿ ಮುಗಿಸಿ ನನ್ನ ಕಡೆ ತಿರುಗಿದರು.

“ನೀವೇನಾ ಎಂಟು ಹಾಕ್ಕೊಡೋ ಮೇಡಂ?”

“ಹೌದು.” ಇನ್ನೇನು ಹೇಳಲಿ?

“ನಮಗೂ ಹಾಕ್ಕೊಡ್ಬೇಕು. ಆದ್ರೆ ನಮಗೆ ಎಂಟು ಬೇಡ, ಹದಿನಾರು ಹಾಕಿ.”

“ಹದಿನಾರು ಯಾಕೆ?”

“ಎಂಟು ಹಾಕಿದ್ರೆ ಅವ್ರಿಗೆ ನಾಲ್ಕು ಫ್ಯಾಟು ಬರ್ತಾ ಐತೆ. ಅಂದ್ಮೇಲೆ ಹದಿನಾರು ಹಾಕಿದ್ರೆ ನಮಗೆ ಎಂಟು ಬರ್ಬೇಕಲ್ವಾ ಮೇಡಂ?”

ಹಸುವಿನ ಹಾಲಿಗೆ ಎಂಟು ಫ್ಯಾಟು ಈ ಭೂಮಿಯ ಮೇಲೆ ಬರುವುದಿಲ್ಲ. ಸತ್ಯ ಹೇಳಿಬಿಡೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಯಜಮಾನರು ನನ್ನ ಕಿವಿಯ ಹತ್ತಿರ ಬಗ್ಗಿದರು.

“ಹಾಕ್ಕೊಡಿ ಮೇಡಂ. ಬರ್ದೇ ಇದ್ರೆ ಎಮ್ಮೆ ಕಟ್ಕೊಳ್ಳಿ ಅನ್ನೋಣ.”